ಕೂಸಿನ ಹಾಲು, ಕೂಸಿನ ಅನ್ನ
(ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಧರ್ಮ, ಸಾಹಿತ್ಯ, ಶಿಕ್ಷಣಗಳ ವಿಚಾರವು ನಡೆದಿರುವ ಈ ಮಹೋತ್ಸವದಲ್ಲಿ ನಾನು ಆರಿಸಿಕೊಂಡ ವಿಷಯವು ತೀರ ಕಿರಿದಾಗಿ ತೋರಬಹುದು. ಆರು ತಿಂಗಳು ತುಂಬಿದ ಕೂಸಿಗೆ ದಿನಕ್ಕೆ ಹಾಲೆಷ್ಟು, ಅನ್ನವೆಷ್ಟು ಎಂಬದೇ ಆ ವಿಷಯ. ಇದನ್ನು ಹೇಳುವದಕ್ಕೆ ಸಭೆ ಯಾಕೆ ಬೇಕು, ಹಡೆದವ್ವನಿಗೆ ತಿಳಿಯದ್ದೇನಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಿಕೊಳ್ಳುತ್ತಿರಬಹುದು. ನಾನೂ ಹಾಗೆಯೇ ತಿಳಿದಿದ್ದೆನು. ನಾಲ್ಕು ಮಕ್ಕಳನ್ನು ಹಡೆದು ಬೆಳೆಸಿದ ನನಗೆ ಇನ್ನು ಕಲಿಯಬೇಕಾದದ್ದಿಲ್ಲವೆಂಬ ಅಭಿಮಾನವಿತ್ತು. ಆ ಅಭಿಮಾನವು ಹೇಗೆ ಮುರಿಯಿತೆಂಬದನ್ನು ಮೊದಲು ಹೇಳಿ, ಆ ಮೇಲೆ ಲೆಕ್ಕಕ್ಕೆ ಬರುವೆನು.

ನನ್ನ ಮೊಮ್ಮಗನಿಗೆ ಆಗ ಹದಿನಾಲ್ಕು ತಿಂಗಳು. ಮೊಲೆ ಬಿಡಿಸಿಯಾಗಿತ್ತು. ಮನೆಯಲ್ಲಿ ಕರೆಯುವ ಎಮ್ಮೆಯಿತ್ತು. ಕೂಸು ಅತ್ತಾಗಲೆಲ್ಲ ಹಾಲು, ಮಲಗುವಾಗ ಹಾಲು, ಎದ್ದರೆ ಹಾಲು. ಹೀಗೆ ದಿನಕ್ಕೆ ಒಂದು ಲೀಟರಿನ ಸಮೀಪ ಹೋಗುತ್ತಿತ್ತು. ರೊಟ್ಟಿಯನ್ನಾಗಲಿ ಅನ್ನವನ್ನಾಗಲಿ ಬಾಯಿಗಿಟ್ಟರೆ ಮೋರೆ ತಿರುಗಿಸುತ್ತಿತ್ತು. ಮೈ ದುಂಡಗಿತ್ತು, ಬಣ್ಣ ಬೆಳ್ಳಗಿತ್ತು. ಓಣಿಯವರು “ಹಾಲುಂಡ ಮೈ” ಎಂದು ಹೊಗಳುತ್ತಿದ್ದರು, ನಾನು ದೃಷ್ಟಿ ತೆಗೆಯುತ್ತಿದ್ದೆನು. ಬರಬರುತ್ತ ಕೂಸು ಆಟ ಬಿಟ್ಟಿತು. ಗೋಡೆಯ ಮಣ್ಣು ಕೆರೆದು ತಿನ್ನತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಕೂಡುತ್ತಿತ್ತು. ವೈದ್ಯರು ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ಬೇನೆಯ ಮಾತನ್ನೇ ಎತ್ತದೆ, “ದಿನಕ್ಕೆ ಹಾಲೆಷ್ಟು ಕುಡಿಯುತ್ತದೆ?” ಎಂದು ಕೇಳಿದರು. ನಾನು ಹೆಮ್ಮೆಯಿಂದ ಹೇಳಿದೆನು. ರಕ್ತಪರೀಕ್ಷೆಯಲ್ಲಿ ಹಿಮೊಗ್ಲೋಬಿನ್ ಏಳಕ್ಕೂ ಕಡಿಮೆ ಬಂದಿತು. ಹನ್ನೊಂದರ ಸುಮಾರಿಗೆ ಇರಬೇಕಾದದ್ದು. ನಾನು ಬಿಳುಪನ್ನು ಚೆಲುವೆಂದು ತಿಳಿದಿದ್ದೆನು; ಅದು ರಕ್ತವಿಲ್ಲದ ಬಿಳುಪಾಗಿತ್ತು.

ತಾಯಂದಿರೇ, ಹಾಲು ಅಮೃತವೆಂಬ ಮಾತು ಸುಳ್ಳಲ್ಲ. ಆದರೆ ಅಮೃತಕ್ಕೂ ಅಳತೆಯುಂಟು. ಒಂದು ಲೀಟರ ಆಕಳ ಹಾಲಿನಲ್ಲಿ ಕಬ್ಬಿಣದ ಅಂಶವು ಸುಮಾರು ಅರ್ಧ ಮಿಲಿಗ್ರಾಮು ಮಾತ್ರ. ಕೂಸಿಗೆ ಬೇಕಾದದ್ದು ಅದರ ಹಲವು ಪಟ್ಟು. ಅಷ್ಟೇ ಅಲ್ಲದೆ ಹಾಲಿನೊಳಗಿನ ಸುಣ್ಣದಂಶವು ಬೇರೆ ಆಹಾರದ ಕಬ್ಬಿಣವನ್ನೂ ಮೈಗೆ ಹತ್ತಗೊಡುವದಿಲ್ಲ. ಇನ್ನೊಂದು ಲೆಕ್ಕವನ್ನು ಕೇಳಿರಿ. ಒಂದರಿಂದ ಎರಡು ವರುಷದ ಕೂಸಿಗೆ ದಿನಕ್ಕೆ ಬೇಕಾದ ಒಟ್ಟು ಶಕ್ತಿಯು ಸುಮಾರು 900 ಕ್ಯಾಲರಿ. ಒಂದು ಲೀಟರ ಗಟ್ಟಿ ಎಮ್ಮೆಯ ಹಾಲು ಸುಮಾರು 1000 ಕ್ಯಾಲರಿಯನ್ನು ಕೊಡುತ್ತದೆ. ಹೊಟ್ಟೆಯೆಲ್ಲ ಹಾಲಿನಿಂದಲೇ ತುಂಬಿದ ಮೇಲೆ ಕೂಸು ಅನ್ನಕ್ಕೆ ಬಾಯಿ ತೆರೆಯುವದೆಂತು? ಕೂಸು ಹಟಮಾರಿಯಾಗಿರಲಿಲ್ಲ, ಅದಕ್ಕೆ ಹಸಿವೆಯೇ ಆಗಗೊಡದ ತಪ್ಪು ನನ್ನದಾಗಿತ್ತು.

ಇದು ನನ್ನ ಮನೆಯೊಂದರ ಕಥೆಯೆಂದು ತಿಳಿಯಬೇಡಿರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರುಷದೊಳಗಿನ ನೂರು ಮಕ್ಕಳಲ್ಲಿ 65ಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆಯಿತ್ತು. ದೇಶದಲ್ಲಿ ಆರು ತಿಂಗಳಿಂದ ಎರಡು ವರುಷದೊಳಗಿನ ಕೂಸುಗಳಲ್ಲಿ ತಕ್ಕಷ್ಟು ಆಹಾರ ಪಡೆಯುವವು ನೂರಕ್ಕೆ ಸುಮಾರು 11 ಮಾತ್ರವೆಂದೂ ಅದೇ ಸಮೀಕ್ಷೆಯು ಹೇಳುತ್ತದೆ. ಬಡವರ ಮನೆಯಲ್ಲಿ ಅನ್ನ ಸಾಲದೆ, ಉಳ್ಳವರ ಮನೆಯಲ್ಲಿ ಹಾಲು ಅತಿಯಾಗಿ, ಎರಡೂ ಕಡೆ ಕೂಸು ಒಂದೇ ಬೇನೆಗೆ ಈಡಾಗಬಹುದು.

ಹಾಗಾದರೆ ಅಳತೆ ಯಾವುದು? ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕು. ನೀರು ಸಹ ಬೇಡ. ಗರ್ಭದಲ್ಲಿದ್ದಾಗ ತಾಯಿಯಿಂದ ಕೂಡಿಟ್ಟುಕೊಂಡು ಬಂದ ಕಬ್ಬಿಣದ ಗಂಟು ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ. ಆದಕಾರಣ ಅಂದಿನಿಂದ ಮೇಲಾಹಾರವನ್ನು ತಡಮಾಡದೆ ಆರಂಭಿಸತಕ್ಕದ್ದು. ಜಾವಳ ತೆಗೆಯಿಸುವ ಮುಹೂರ್ತಕ್ಕಾಗಿ, ಹಲ್ಲು ಮೂಡುವದಕ್ಕಾಗಿ ಕಾಯುತ್ತ ಕೂಡಬಾರದು. ತಾಯಿಯ ಹಾಲನ್ನು ಮಾತ್ರ ಎರಡು ವರುಷದವರೆಗೂ, ಬೇಕಾದರೆ ಅದಕ್ಕೂ ಮುಂದೆ, ನಡೆಸಬೇಕು. ಒಂದು ವರುಷದೊಳಗೆ ಕೂಸಿನ ಶಕ್ತಿಯ ಅರ್ಧ ಅಥವಾ ಹೆಚ್ಚು ಪಾಲನ್ನೂ, ಎರಡನೆಯ ವರುಷದಲ್ಲಿ ಮೂರನೆಯ ಒಂದು ಪಾಲನ್ನೂ ಅದು ಕೊಡುತ್ತದೆ.

ಮೊಲೆಯುಣ್ಣುವ ಕೂಸಿಗೆ ಮೇಲಾಹಾರದಿಂದ ಬರಬೇಕಾದ ಶಕ್ತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯವರು ಹೀಗೆ ಗೊತ್ತುಪಡಿಸಿದ್ದಾರೆ: ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಸುಮಾರು 200 ಕ್ಯಾಲರಿ, ಒಂಬತ್ತರಿಂದ ಹನ್ನೊಂದರವರೆಗೆ 300, ಒಂದರಿಂದ ಎರಡು ವರುಷದವರೆಗೆ 550. ಇದನ್ನು ನಮ್ಮ ವಾಟಗದ ಲೆಕ್ಕಕ್ಕೆ ತರೋಣ. 250 ಮಿಲಿಲೀಟರ ಹಿಡಿಯುವ ವಾಟಗವನ್ನು ಎದುರಿಗೆ ಇಟ್ಟುಕೊಳ್ಳಿರಿ. ಮೊದಲ ದಿನಗಳಲ್ಲಿ ಎರಡು ಮೂರು ದೊಡ್ಡ ಚಮಚೆ. ಎಂಟು ತಿಂಗಳೊಳಗೆ ಒಂದೊಂದು ಊಟಕ್ಕೆ ಅರ್ಧ ವಾಟಗದವರೆಗೆ, ದಿನಕ್ಕೆ ಎರಡು ಮೂರು ಊಟ. ಒಂಬತ್ತು ತಿಂಗಳ ಮೇಲೆ ಅರ್ಧದಿಂದ ಮುಕ್ಕಾಲು ವಾಟಗ, ಮೂರು ನಾಲ್ಕು ಊಟ. ವರುಷ ತುಂಬಿದ ಮೇಲೆ ಮುಕ್ಕಾಲರಿಂದ ತುಂಬು ವಾಟಗ, ಅಷ್ಟೇ ಊಟ; ನಡುವೆ ಹಸಿವೆಯಾದರೆ ಹಣ್ಣೋ ಮತ್ತೊಂದೋ ಒಂದೆರಡು ಸಲ. ಯಾವ ಕೂಸೂ ಅಳೆದಂತೆ ಉಣ್ಣುವದಿಲ್ಲ. ಇಂದು ಹೆಚ್ಚು, ನಾಳೆ ಕಡಿಮೆ. ತೂಕವು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಚಿಂತೆ ಬೇಡ.

ಇನ್ನು ಮೇಲುಹಾಲಿನ ಮಾತು. ಒಂಬತ್ತನೆಯ ತಿಂಗಳಲ್ಲಿ ಮೊಲೆಯುಣ್ಣುತ್ತಿರುವ ಕೂಸಿಗೆ ಬೇರೆ ಹಾಲನ್ನು ಕುಡಿಸಲೇಬೇಕೆಂಬ ನಿಯಮವಿಲ್ಲ. ಅನ್ನದಲ್ಲಿ ಕಲಸಿದ ಮೊಸರು ಹಾಲುಗಳೇ ಸಾಕು. ಯಾವದಾದರೂ ಕಾರಣದಿಂದ ಮೊಲೆಹಾಲು ಇಲ್ಲದ ಕೂಸಿಗೆ ವರುಷದೊಳಗೆ ವೈದ್ಯರನ್ನು ಕೇಳಿ ಶಿಶುಗಳಿಗಾಗಿಯೇ ಸಿದ್ಧಪಡಿಸಿದ ಪುಡಿಹಾಲನ್ನು ಕೊಡುವದು ರೂಢಿ. ಏಳರಿಂದ ಒಂಬತ್ತು ತಿಂಗಳಲ್ಲಿ ದಿನಕ್ಕೆ ಸುಮಾರು 600 ಮಿಲಿಲೀಟರ, ಹತ್ತರಿಂದ ಹನ್ನೆರಡರಲ್ಲಿ ಸುಮಾರು 400. ಅನ್ನ ಏರಿದಂತೆ ಹಾಲು ಇಳಿಯಬೇಕು. ಪುಡಿಹಾಲು ಕೊಳ್ಳಲಾಗದ ಮನೆಯಲ್ಲಿ ಆರು ತಿಂಗಳ ಮೇಲೆ ಚೆನ್ನಾಗಿ ಕಾಯಿಸಿದ ದನದ ಹಾಲನ್ನು ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಸೂಚನೆಗಳಲ್ಲಿಯೂ ಒಪ್ಪಲಾಗಿದೆ. ವರುಷದ ಮೇಲೆ ಆಕಳದಾಗಲಿ ಎಮ್ಮೆಯದಾಗಲಿ ದಿನಕ್ಕೆ 300ರಿಂದ 500 ಮಿಲಿಲೀಟರ ಸಾಕು. ಅರ್ಧ ಲೀಟರು ಎಂಬದು ಗಡಿಕಲ್ಲು, ಅದನ್ನು ದಾಟಬೇಡಿರಿ. ಕುಡಿಸುವದಕ್ಕೆ ಬಾಟಲಿಯ ಬದಲು ನಮ್ಮ ಅಜ್ಜಿಯರ ಒಳಲೆಯೋ ಚಿಕ್ಕ ಲೋಟವೋ ಲೇಸು. ಅವನ್ನು ತಿಕ್ಕಿ ತೊಳೆಯುವದು ಸುಲಭ. ಬಾಟಲಿ, ಪುಡಿಹಾಲುಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯಿಂದಲೇ ನಿಷೇಧಿಸಲಾಗಿದೆಯೆಂಬದನ್ನು ನೆನೆಯಿರಿ.

ಅನ್ನವೆಂದರೆ ಏನು ಕೊಡಬೇಕು? ನಮ್ಮ ನೆಲವು ಬಿಳಿಜೋಳದ ನೆಲ. ಜೋಳ, ಹೆಸರುಬೇಳೆ, ತೊಗರಿಬೇಳೆ, ಪುಟಾಣಿ, ಶೇಂಗಾ ಇವೆಲ್ಲವೂ ಮನೆಯ ಮಡಕೆಯಲ್ಲಿಯೇ ಇವೆ. ಆದರೆ ಕೂಸಿಗೆ ನೀರಾದ ಅಂಬಲಿಯನ್ನೂ ಬೇಳೆಯ ಮೇಲಿನ ತಿಳಿಯನ್ನೂ ಕೊಟ್ಟು ಸಮಾಧಾನಪಡುವದು ನಮ್ಮ ದೊಡ್ಡ ತಪ್ಪು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆಯು ಒಂದು ವಾಟಗದಷ್ಟನ್ನು ಮಾತ್ರ ಹಿಡಿಯುವದು. ಅದನ್ನು ನೀರಿನಿಂದ ತುಂಬಿದರೆ ಶಕ್ತಿ ಎಲ್ಲಿಂದ ಬಂದೀತು? ಚಮಚೆಯನ್ನು ಓರೆಮಾಡಿದರೆ ಕೂಡಲೇ ಸುರಿದುಹೋಗದಂಥ ಹದವಿರಬೇಕು. ಜೋಳವನ್ನಾಗಲಿ ಹೆಸರನ್ನಾಗಲಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ಹಿಟ್ಟು ಬೇಯಿಸಿದಾಗ ಅಷ್ಟಾಗಿ ಅಂಟುಗಟ್ಟದು. ಆದುದರಿಂದ ಹೆಚ್ಚು ಹಿಟ್ಟನ್ನು ಹಾಕಿಯೂ ನುಂಗಲು ಹಗುರಾಗಿ ಇಡಬಹುದು. ಒಂದು ಚಿಕ್ಕ ಚಮಚೆ ತುಪ್ಪವು 45 ಕ್ಯಾಲರಿಯನ್ನು ಕೂಡಿಸುತ್ತದೆ. ಹೆಸರುಬೇಳೆಯ ಕಿಚಡಿ, ಬೇಳೆಯಲ್ಲಿ ನೆನೆಸಿ ಮಿದಿದ ರೊಟ್ಟಿ, ಮೊಸರನ್ನ, ಶೇಂಗಾಪುಡಿ, ಬೆಂದ ಗಜ್ಜರಿ, ಬಾಳೆಯ ಹಣ್ಣು; ಇವುಗಳಲ್ಲಿ ಯಾವದೂ ಪೇಟೆಯ ಸರಕಲ್ಲ.

ನಮ್ಮದು ಶಾಕಾಹಾರದ ಮನೆತನಗಳಾದ್ದರಿಂದ ಒಂದು ಎಚ್ಚರಿಕೆ ಹೆಚ್ಚಾಗಿ ಬೇಕು. ಬೇಳೆ, ಸೊಪ್ಪುಗಳ ಕಬ್ಬಿಣವು ಮೈಗೆ ಸುಲಭವಾಗಿ ಹತ್ತುವದಿಲ್ಲ. ಅದನ್ನು ಹತ್ತಿಸುವದು ಹುಳಿ. ಹೆಸರಾದ ಇಂಡಿಯ ನಿಂಬೆಯು ನಮ್ಮ ಮಗ್ಗುಲಲ್ಲಿಯೇ ಇದೆ. ರಾಜಗಿರಿ, ಮೆಂತೆ, ನುಗ್ಗೆಯ ಸೊಪ್ಪುಗಳನ್ನು ಬೇಳೆಯಲ್ಲಿ ಬೇಯಿಸಿ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆಯನ್ನು ಹಿಂಡಿರಿ. ಇದಕ್ಕೆ ವಿರುದ್ಧವಾದದ್ದು ಚಹಾ. ಕೂಸನ್ನು ಸುಮ್ಮನಿರಿಸಲು ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುವ ರೂಢಿಯು ನಮ್ಮ ಹೆದ್ದಾರಿಯ ಊರುಗಳಲ್ಲಿ ಬೆಳೆದಿದೆ. ಅದು ಇದ್ದ ಕಬ್ಬಿಣವನ್ನೂ ತಡೆಯುತ್ತದೆ. ಹಾಲು ಮೊಸರುಗಳನ್ನು ಬಿಟ್ಟರೆ ಸಸ್ಯಾಹಾರದಲ್ಲಿ ಬಿ-12 ಜೀವಸತ್ವವು ದೊರೆಯದು. ಆದಕಾರಣ ಮೊಲೆಯೂಡುವ ತಾಯಿಯು ಗಂಡಸರಿಗೆ ಬಡಿಸಿ ಉಳಿದ ಮಜ್ಜಿಗೆಯ ನೀರಿನಿಂದ ತೃಪ್ತಳಾಗದೆ, ತನ್ನ ಪಾಲಿನ ಹಾಲು ಮೊಸರನ್ನು ನಾಚದೆ ಉಣ್ಣಬೇಕು. ಇದನ್ನು ಅತ್ತೆಯಂದಿರಿಗೆ ವಿಶೇಷವಾಗಿ ವಿನಂತಿಸುವೆನು.

ವರ್ಜ್ಯವಾದವುಗಳನ್ನು ಚಿಕ್ಕದಾಗಿ ಹೇಳುವೆನು. ವರುಷದೊಳಗೆ ಜೇನುತುಪ್ಪವನ್ನು ನಾಲಿಗೆಗೆ ಹಚ್ಚಲೂ ಬೇಡಿರಿ. ಅಪರೂಪವಾದರೂ ಪ್ರಾಣಾಂತಿಕವಾದ ವಿಷಬಾಧೆ ಅದರಿಂದಾಗಬಲ್ಲದು. ಉಪ್ಪು, ಸಕ್ಕರೆ, ಬೆಲ್ಲ ವರುಷದವರೆಗೆ ಬೇಡ. ಇಡಿಯ ಶೇಂಗಾ, ಪುಟಾಣಿ ಕಾಳುಗಳು ಉಸಿರ್ನಾಳಕ್ಕೆ ಸಿಕ್ಕುವವು; ಪುಡಿಮಾಡಿಯೇ ಕೊಡಿರಿ. ಭೇದಿಯಾದಾಗ ಅನ್ನ ಬಿಡಿಸುವ ಪದ್ಧತಿಯು ತಪ್ಪು. ಹಾಲೂ ಅನ್ನವೂ ನಡೆದಿರಲಿ. ಬಾಯಿ ಹಿಡಿದು ತುರುಕುವದಾಗಲಿ, ಕೈಯಲ್ಲಿ ಮೊಬೈಲು ಕೊಟ್ಟು ಮರೆಸಿ ಉಣಿಸುವದಾಗಲಿ ಬೇಡ. ಎದುರಿಗೆ ಕುಳಿತು, ಮಾತಾಡಿಸುತ್ತ ಉಣಿಸಿರಿ.

1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಹಳ್ಳಿಹಳ್ಳಿಗೂ ಅಂಗನವಾಡಿಯಿದೆ. ಆರು ತಿಂಗಳ ಕೂಸಿಗೆ ಪೂರಕ ಆಹಾರವನ್ನು ಮನೆಗೊಯ್ಯಲು ಕೊಡುವದು ಅದರ ನೇಮ. 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ ಆರು ತಿಂಗಳ ಮೇಲಿನ ಕೂಸಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ ಕಬ್ಬಿಣದ ಔಷಧವುಂಟು. ಮಲ ಕರ್ರಗಾಯಿತೆಂದು ಹೆದರಿ ಆ ಸೀಸೆಯನ್ನು ಮಾಡದಲ್ಲಿ ಇಟ್ಟು ಮರೆಯಬೇಡಿರಿ. ನಾನು ಮರೆತವರಲ್ಲಿ ಒಬ್ಬಳು.

ನನ್ನ ಮೊಮ್ಮಗನ ಹಾಲನ್ನು ವೈದ್ಯರು ಅರ್ಧಕ್ಕೆ ಇಳಿಸಿ, ಔಷಧ ಕೊಟ್ಟರು. ಮೊದಲ ಮೂರು ದಿನ ಮನೆ ಹಾರಿಹೋಗುವಂತೆ ಅತ್ತನು. ನಾಲ್ಕನೆಯ ದಿನ ನನ್ನ ಗಂಗಾಳಕ್ಕೆ ತಾನೇ ಕೈ ಹಾಕಿ ಬೇಳೆಯಲ್ಲಿ ನೆಂದ ರೊಟ್ಟಿಯನ್ನು ತಿಂದನು. ಮೈಯ ಬಣ್ಣ ತಿರುಗಲು ತಿಂಗಳುಗಳೇ ಹಿಡಿದವು. ಈಗ ಅವನು ಓಡುತ್ತಾನೆ. ಮೊದಲಿನಷ್ಟು ಬೆಳ್ಳಗಿಲ್ಲ, ದುಂಡಗೂ ಇಲ್ಲ, ನೆಟ್ಟಗಿದ್ದಾನೆ.

ಈ ಶ್ರೀಮಠದ ಅಂಗಳದಲ್ಲಿ ಬಂದವರಿಗೆಲ್ಲ ಹಸಿವೆ ನೋಡಿ ಬಡಿಸುವದನ್ನು ನಾವು ಕಣ್ಣಾರೆ ಕಂಡಿದ್ದೇವೆ. ದಾಸೋಹದಲ್ಲಿ ಬಡಿಸುವವನ ಪ್ರೀತಿಯಷ್ಟೇ ಉಣ್ಣುವವನ ಹೊಟ್ಟೆಯ ಅರಿವೂ ಮುಖ್ಯವಾದದ್ದು. ತೊಟ್ಟಿಲಲ್ಲಿರುವ ಜೀವಕ್ಕೆ ಬಡಿಸುವಾಗ ಆ ಅರಿವು ನಮ್ಮಲ್ಲಿ ಇನ್ನಷ್ಟು ಇರಲಿ. ಇಂದು ಮನೆಗೆ ಹೋದ ಮೇಲೆ ನಿಮ್ಮ ಕೂಸಿನ ಕೆಳರೆಪ್ಪೆಯನ್ನೊಮ್ಮೆ ಎಳೆದು ನೋಡಿರಿ. ಒಳಗೆ ಕೆಂಪಿಲ್ಲದಿದ್ದರೆ ನಾಳೆಯೇ ದವಾಖಾನೆಗೆ ಕರೆದೊಯ್ಯಿರಿ.