ಆಜ್ಞೆಗೆ ಬಾಗದ ಜನರಲ್
(ಅಧ್ಯಯನ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆಜ್ಞಾಪಾಲನೆಗೆ ಇಸ್ಲಾಮ್ ವಿಧಿಸಿರುವ ಮಿತಿಯ ಕುರಿತು ಮಾತನಾಡಬೇಕೆಂದು ಸಂಘಟಕರು ತಿಳಿಸಿದ್ದರು. ಸೃಷ್ಟಿಕರ್ತನ ಆಜ್ಞೋಲ್ಲಂಘನೆಯಾಗುವಲ್ಲಿ ಸೃಷ್ಟಿಗಳ ಅನುಸರಣೆ ಇಲ್ಲವೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಅಕ್ರಮವೆಸಗುವವನು ನಮ್ಮವನೇ ಆಗಿರುವಾಗ ಅದು ನಮ್ಮ ನೆನಪಿಗೆ ಬರುವುದು ಅಪರೂಪ. ಪ್ಯಾಲೆಸ್ತೀನಿನ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು 1971ರ ಢಾಕಾದ ಬಗ್ಗೆ ಎಷ್ಟು ಮಾತನಾಡಿದ್ದೇವೆ? ಆದ್ದರಿಂದಲೇ ಇಂದು ಸಾಹಿಬ್‌ಝಾದಾ ಯಾಕೂಬ್ ಖಾನ್‌ರ ಬದುಕನ್ನು ಆಯ್ದುಕೊಂಡಿದ್ದೇನೆ.

ಅವರು 1920ರಲ್ಲಿ ನಮ್ಮ ಉತ್ತರ ಪ್ರದೇಶದ ರಾಂಪುರದ ನವಾಬ ಮನೆತನದಲ್ಲಿ ಜನಿಸಿದರು. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕಿ ಇಟಲಿ, ಜರ್ಮನಿಗಳ ಬಂಧನದಲ್ಲಿ ವರ್ಷಗಳನ್ನು ಕಳೆದರು; ಆ ಬಿಡುವನ್ನು ಭಾಷೆಗಳ ಕಲಿಕೆಗೆ ಬಳಸಿದರು. ವಿಭಜನೆಯಾದಾಗ ಅವರು ಪಾಕಿಸ್ತಾನವನ್ನು ಆರಿಸಿಕೊಂಡರು. ಅಣ್ಣ ಯೂನುಸ್ ಖಾನ್ ಭಾರತದ ಸೇನೆಯಲ್ಲಿಯೇ ಉಳಿದರು.

1969ರಲ್ಲಿ ಪೂರ್ವ ಪಾಕಿಸ್ತಾನದ ಸೇನಾ ದಂಡನಾಯಕರಾಗಿ ಢಾಕಾಕ್ಕೆ ಹೋದ ಯಾಕೂಬ್ ಖಾನ್ ಅಲ್ಲಿ ಬಂಗಾಳಿ ಕಲಿತರು. 1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜೀಬರ ಅವಾಮಿ ಲೀಗ್ ರಾಷ್ಟ್ರೀಯ ಅಸೆಂಬ್ಲಿಯ 300 ಸ್ಥಾನಗಳಲ್ಲಿ 160ನ್ನು ಗೆದ್ದಿತು. ಅಧಿಕಾರ ಯಾರಿಗೆ ಸಲ್ಲಬೇಕೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಆದರೆ ಮಾರ್ಚ್ 3ರಂದು ಸೇರಬೇಕಿದ್ದ ಅಸೆಂಬ್ಲಿಯನ್ನು ಅಧ್ಯಕ್ಷ ಜನರಲ್ ಯಾಹ್ಯಾ ಖಾನ್ ಮಾರ್ಚ್ 1ರಂದು ಮುಂದೂಡಿದರು. ಢಾಕಾ ಬೀದಿಗಿಳಿಯಿತು.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಚಳವಳಿಯನ್ನು ಬಲಪ್ರಯೋಗದಿಂದ ಹತ್ತಿಕ್ಕುವ ಯೋಜನೆಯೊಂದು ಯಾಕೂಬ್ ಖಾನ್‌ರ ಕಚೇರಿಯಲ್ಲಿಯೇ ಸಿದ್ಧವಾಗಿತ್ತು. ಅವರು ಸಂತರಾಗಿರಲಿಲ್ಲ, ವೃತ್ತಿನಿರತ ಸೈನಿಕರು. ಆದರೆ ಅದನ್ನು ಜಾರಿಗೊಳಿಸುವ ಗಳಿಗೆ ಬಂದಾಗ ಅವರ ಕೈ ಮುಂದೆ ಬರಲಿಲ್ಲ. ಇದು ರಾಜಕೀಯ ಸಮಸ್ಯೆ, ಇದಕ್ಕೆ ಸೈನಿಕ ಪರಿಹಾರವಿಲ್ಲವೆಂದು ಯಾಹ್ಯಾರಿಗೆ ತಿಳಿಸಿ ಮಾರ್ಚ್ ಮೊದಲ ವಾರದಲ್ಲಿಯೇ ರಾಜೀನಾಮೆ ನೀಡಿದರು. ಭಾಷೆ ಕಲಿತವನಿಗೆ ಆ ಭಾಷಿಕರ ಮೇಲೆ ಗುಂಡು ಹಾರಿಸುವುದು ಕಷ್ಟವಾಗುತ್ತದೇನೋ. ಇದು ನನ್ನ ಊಹೆ ಮಾತ್ರ.

ಅವರ ಜಾಗಕ್ಕೆ ಟಿಕ್ಕಾ ಖಾನ್ ಬಂದರು. ಮಾರ್ಚ್ 25ರ ರಾತ್ರಿ ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ, ಹಿಂದೂಗಳೂ ಮುಸ್ಲಿಮರೂ ಹತ್ಯೆಗೀಡಾದರು. ಕೊಂದವರು ಇಸ್ಲಾಮಿನ ಹೆಸರಿನಲ್ಲಿ ಸ್ಥಾಪಿತವಾದ ದೇಶದ ಸೈನಿಕರು. ಕೊಲ್ಲಲೊಪ್ಪದ ಸೇನಾನಿಗೆ ದೊರೆತದ್ದೇನು? ಲೆಫ್ಟಿನೆಂಟ್ ಜನರಲ್ ಪದವಿಯಿಂದ ಮೇಜರ್ ಜನರಲ್ ಪದವಿಗೆ ಇಳಿಸಲ್ಪಟ್ಟು ನಿವೃತ್ತಿ.

ಮುಂದೆ ಅವರು ಫ್ರಾನ್ಸ್, ಅಮೆರಿಕ, ಸೋವಿಯತ್ ಒಕ್ಕೂಟಗಳಲ್ಲಿ ರಾಯಭಾರಿಯಾದರು. 1977ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಬಂದೂಕುಧಾರಿಗಳ ಗುಂಪೊಂದು ಮೂರು ಕಟ್ಟಡಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಒತ್ತೆಯಿರಿಸಿಕೊಂಡಿತ್ತು. ಈಜಿಪ್ಟ್ ಮತ್ತು ಇರಾನ್ ರಾಯಭಾರಿಗಳೊಂದಿಗೆ ಯಾಕೂಬ್ ಖಾನ್ ಆ ಗುಂಪಿನ ನಾಯಕನೆದುರು ಕುಳಿತು ಕುರ್‌ಆನಿನ ವಚನಗಳನ್ನು ಮುಂದಿಟ್ಟು ಮಾತನಾಡಿದರು. ಒತ್ತೆಯಾಳುಗಳು ಬಿಡುಗಡೆಯಾದರು.

1982ರಲ್ಲಿ ಅವರು ವಿದೇಶಾಂಗ ಸಚಿವರಾದರು. ಯಾರ ಸಚಿವ ಸಂಪುಟದಲ್ಲಿ? ತಮ್ಮನ್ನು ರಾಯಭಾರಿಯನ್ನಾಗಿಸಿದ ಭುಟ್ಟೋರನ್ನು ಗಲ್ಲಿಗೇರಿಸಿದ ಜನರಲ್ ಝಿಯಾವುಲ್ ಹಕ್‌ರ ಸಂಪುಟದಲ್ಲಿ! 1988ರ ಕೊನೆಯಲ್ಲಿ ಭುಟ್ಟೋರ ಪುತ್ರಿ ಬೆನಝೀರ್ ಪ್ರಧಾನಿಯಾದಾಗಲೂ ಅದೇ ಖಾತೆ ಅವರಲ್ಲಿಯೇ ಉಳಿಯಿತು. ಅಫ್ಘಾನಿಸ್ತಾನದ ಕುರಿತ ಜಿನೀವಾ ಮಾತುಕತೆಗಳಲ್ಲಿ ಅವರು ವರ್ಷಗಟ್ಟಲೆ ದುಡಿದದ್ದು ನಿಜ. ಆದರೂ ಒಮ್ಮೆ ಸರ್ವಾಧಿಕಾರಿಗೆ ಇಲ್ಲವೆಂದವರು ಇನ್ನೊಬ್ಬ ಸರ್ವಾಧಿಕಾರಿಗೆ ಹೇಗೆ ಹೌದೆಂದರು ಎಂದು ಕೇಳುವ ಹಕ್ಕು ನಮಗಿದೆ. ಅವರ ಅಭಿಮಾನಿಗಳು ಇದಕ್ಕೆ ರಾಷ್ಟ್ರಸೇವೆಯೆಂಬ ಸಮರ್ಥನೆ ನೀಡಬಹುದು, ನನಗದು ಸಾಲದು.

ಹಾಗೆಂದು ಢಾಕಾದ ಆ ರಾಜೀನಾಮೆ ಬೆಲೆ ಕಳೆದುಕೊಳ್ಳುವುದಿಲ್ಲ. ಅದನ್ನು ನೀಡಿದ ದಿನ, ಮುಂದೆ ರಾಯಭಾರಿಯಾಗುವೆನೆಂದಾಗಲಿ ಸಚಿವನಾಗುವೆನೆಂದಾಗಲಿ ಅವರಿಗೆ ತಿಳಿದಿರಲಿಲ್ಲ. ತಿಳಿದಿದ್ದು ಸೈನಿಕ ಜೀವನ ಅಲ್ಲಿಗೇ ಮುಗಿಯುತ್ತದೆಂಬುದು ಮಾತ್ರ. 2016ರ ಜನವರಿ 26ರಂದು ಇಸ್ಲಾಮಾಬಾದ್‌ನಲ್ಲಿ ಅವರು ನಿಧನರಾದರು.