ಸರ್ಪಂಚರನ್ನು ಯಾರು ಆರಿಸಬೇಕು?

ಆಂಧ್ರದ ನಮ್ಮ ಚಿಲಮತ್ತೂರು ಮಂಡಲದ ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬೆಂಗಳೂರಿನ ದಿಕ್ಕಿಗೆ ಹೊರಟರೆ ಸಿಗುವುದು ಕರ್ನಾಟಕದ ಬಾಗೇಪಲ್ಲಿ ತಾಲ್ಲೂಕು. ರಾಜ್ಯ ಬದಲಾಯಿತೆಂದು ರಸ್ತೆಬದಿಯ ಬೋರ್ಡು ಹೇಳಬೇಕು, ನೆಲ ನೋಡಿದರೆ ತಿಳಿಯುವುದಿಲ್ಲ. ಆ ಕಡೆ ಮನೆಯೊಳಗೆ ತೆಲುಗು ಆಡುವವರು ಎಷ್ಟೋ ಮಂದಿ, ಈ ಕಡೆ ಕನ್ನಡ ಆಡುವವರೂ ಅಷ್ಟೇ. ಆದರೆ ಪಂಚಾಯಿತಿ ಚುನಾವಣೆ ಬಂತೆಂದರೆ ಈ ಗಡಿಗೆ ನಿಜವಾದ ಅರ್ಥ ಬರುತ್ತದೆ. ಈಚೆ ಬೂತಿನಲ್ಲಿ ಮತದಾರರ ಕೈಗೆ ಎರಡು ಬ್ಯಾಲೆಟ್ ಕಾಗದ ಕೊಡುತ್ತಾರೆ: ಒಂದು ವಾರ್ಡ್ ಮೆಂಬರಿಗೆ, ಇನ್ನೊಂದು ಪಂಚಾಯಿತಿಯ ಮುಖ್ಯಸ್ಥರಾದ ಸರ್ಪಂಚರಿಗೆ. ಆಚೆಯವರು ಸದಸ್ಯರಿಗಷ್ಟೇ ಮತ ಹಾಕುತ್ತಾರೆ. ಅಧ್ಯಕ್ಷರು ಯಾರೆಂಬುದನ್ನು ಆಮೇಲೆ ಆ ಸದಸ್ಯರು ಕೂತು ತೀರ್ಮಾನಿಸುತ್ತಾರೆ. ಅಧಿಕಾರದ ಕುರ್ಚಿಯಲ್ಲಿ ಕೂರುವವರನ್ನು ಜನರೇ ಆರಿಸಬೇಕೋ ಜನರ ಪ್ರತಿನಿಧಿಗಳು ಆರಿಸಬೇಕೋ ಎಂಬ ಹಳೆಯ ಪ್ರಶ್ನೆಗೆ ಒಂದೇ ಸೀಮೆಯ ಜನ ಎರಡು ಉತ್ತರಗಳಡಿ ಬದುಕುತ್ತಿದ್ದಾರೆ. ಈ ಎರಡರಲ್ಲಿ ನಮ್ಮ ಕಡೆಯದೇ ಸರಿ, ಅದನ್ನು ಹಳ್ಳಿಗೆ ನಿಲ್ಲಿಸದೆ ಮಂಡಲಕ್ಕೂ ಜಿಲ್ಲೆಗೂ ಒಯ್ಯಬೇಕು ಎಂಬುದು ನನ್ನ ವಾದ.

ಹೋಲಿಸಿ ನೋಡಲು ಒಂದು ಒಳ್ಳೆಯ ಸಂದರ್ಭ ಸಿಕ್ಕಿತ್ತು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್ 22 ಮತ್ತು 27ರಂದು ಮತದಾನ ನಡೆಯಿತು; ಆಂಧ್ರದಲ್ಲಿ 2021ರ ಫೆಬ್ರುವರಿಯಲ್ಲಿ, ನಾಲ್ಕು ಹಂತಗಳಲ್ಲಿ. ಎರಡು ತಿಂಗಳೂ ಅಂತರವಿಲ್ಲ. ನಮ್ಮಲ್ಲಿ ಸರ್ಪಂಚ್ ಸ್ಥಾನ ಯಾವ ವರ್ಗಕ್ಕೆ, ಮಹಿಳೆಗೋ ಅಲ್ಲವೋ ಎಂಬ ಮೀಸಲಾತಿ ಮೊದಲೇ ಪ್ರಕಟವಾಗಿತ್ತು. ಯಾರು ನಿಂತಿದ್ದಾರೆ, ಯಾರು ಕೆರೆಯ ಕೆಲಸ ಮಾಡಿಸಿಯಾರು, ಯಾರು ಕುಡಿಯುವ ನೀರಿನ ಮಾತು ಮರೆತಾರು ಎಂದು ಅಳೆದು ತೂಗಿ ಜನ ಮುದ್ರೆ ಒತ್ತಿದರು. ಪೋಲಿಂಗ್ ಮುಗಿದ ದಿನವೇ ಎಣಿಕೆಯಾಗಿ ಸರ್ಪಂಚರ ಹೆಸರು ಊರಿಗೆ ತಿಳಿಯಿತು. ಆಚೆ ಕಡೆ ಡಿಸೆಂಬರ್ 30ಕ್ಕೆ ಫಲಿತಾಂಶ ಬಂತು, ಆದರೆ ಅಧ್ಯಕ್ಷ ಸ್ಥಾನದ ಮೀಸಲಾತಿ ತೀರ್ಮಾನವಾದದ್ದು ಜನವರಿಯಲ್ಲಿ. ಅಂದರೆ ಮತ ಹಾಕುವ ಹೊತ್ತಿನಲ್ಲಿ ತಮ್ಮ ಪಂಚಾಯಿತಿಗೆ ಯಾರು ಅಧ್ಯಕ್ಷರಾಗಲು ಸಾಧ್ಯ ಎಂಬುದೇ ಮತದಾರರಿಗೆ ಗೊತ್ತಿರಲಿಲ್ಲ. ಗೆದ್ದ ಸದಸ್ಯರಲ್ಲಿ ಆ ಮೀಸಲಿಗೆ ಸರಿಹೊಂದುವವರು ಒಬ್ಬರೇ ಇದ್ದರೆ ಆಯ್ಕೆಯ ಮಾತೇ ಇಲ್ಲ; ನಾಲ್ವರಿದ್ದರೆ ಉಳಿದ ಸದಸ್ಯರ ಓಲೈಕೆ ಶುರು, ಪ್ರವಾಸಕ್ಕೆ ಕರೆದೊಯ್ಯುವುದು ಶುರು. ಅಧ್ಯಕ್ಷರ ಅವಧಿಯೂ ಮೂವತ್ತು ತಿಂಗಳು ಮಾತ್ರ, ಅದು ಮುಗಿದಾಗ ಇದೆಲ್ಲ ಮತ್ತೊಮ್ಮೆ. ಹೀಗೆ ಬಂದ ಅಧ್ಯಕ್ಷರು ಎಷ್ಟೇ ಒಳ್ಳೆಯವರಾಗಿದ್ದರೂ ಅವರ ಕಣ್ಣು ಮೊದಲು ಹೋಗುವುದು ಕುರ್ಚಿ ಕೊಟ್ಟ ಹತ್ತು ಹನ್ನೆರಡು ಸದಸ್ಯರ ಕಡೆಗೆ. ಅದು ಅವರ ಸ್ವಭಾವದ ದೋಷವಲ್ಲ, ವ್ಯವಸ್ಥೆಯೇ ಅವರ ಮುಖವನ್ನು ಆ ಕಡೆ ತಿರುಗಿಸಿದೆ.

ಆದರೆ ನಮ್ಮ ಕಡೆಯ ಈ ನೇರ ಮತ ಹಳ್ಳಿಯ ಎಲ್ಲೆ ದಾಟಿದೊಡನೆ ನಿಂತುಹೋಗುತ್ತದೆ. ಮಂಡಲ ಪರಿಷತ್ತಿನ ಅಧ್ಯಕ್ಷರನ್ನು ಅದರ ಸದಸ್ಯರು (ಎಂ.ಪಿ.ಟಿ.ಸಿ.ಗಳು) ಆರಿಸುತ್ತಾರೆ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರನ್ನು ಅದರ ಸದಸ್ಯರು (ಜೆಡ್.ಪಿ.ಟಿ.ಸಿ.ಗಳು). ಹಿಂದೆ ಹೀಗಿರಲಿಲ್ಲ. ಎನ್.ಟಿ. ರಾಮರಾವ್ ಅವರ ಸರ್ಕಾರ ಹಳೆಯ ಪಂಚಾಯಿತಿ ಸಮಿತಿಗಳನ್ನು ತೆಗೆದು ಮಂಡಲಗಳನ್ನು ಮಾಡಿ, 1986ರಲ್ಲಿ ಕಾನೂನು ತಂದು, 1987ರಲ್ಲಿ ಮಂಡಲದ ಅಧ್ಯಕ್ಷರನ್ನೂ ಜಿಲ್ಲಾ ಪರಿಷತ್ತಿನ ಅಧ್ಯಕ್ಷರನ್ನೂ ಜನರ ನೇರ ಮತದಿಂದಲೇ ಆರಿಸಿತು. ಅದೇ 1987ರಲ್ಲಿ ಕರ್ನಾಟಕದಲ್ಲೂ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಮತ್ತು ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಪಂಚಾಯತ್ ರಾಜ್ ಚುನಾವಣೆ ನಡೆಯಿತು. ನಜೀರ್ ಸಾಬರು ಹಳ್ಳಿಗೆ ಅಧಿಕಾರವನ್ನೂ ಹಣವನ್ನೂ ಧಾರಾಳವಾಗಿ ಕೊಟ್ಟರು, ಅಲ್ಲಿನ ಪಂಚಾಯಿತಿಯ ಮುಖ್ಯಸ್ಥರಾದ ಪ್ರಧಾನರ ಆಯ್ಕೆಯನ್ನು ಮಾತ್ರ ಸದಸ್ಯರಿಗೇ ಬಿಟ್ಟರು. ಆಮೇಲೆ ಬಂದ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಯಾಯಿತು. ಹಳ್ಳಿಯ ಮುಖ್ಯಸ್ಥರ ಆಯ್ಕೆ ಹೇಗಿರಬೇಕೆಂಬುದನ್ನು ಅದು ರಾಜ್ಯಗಳಿಗೆ ಬಿಟ್ಟಿತು. ನಡುವಿನ ಹಂತಕ್ಕೂ ಜಿಲ್ಲೆಗೂ ಮಾತ್ರ ಸದಸ್ಯರೇ ತಮ್ಮೊಳಗಿಂದ ಆರಿಸಬೇಕೆಂದು ಕಟ್ಟುಮಾಡಿತು. ಪಂಚಾಯಿತಿಗಳಿಗೆ ಅಷ್ಟೊಂದು ಬಲ ತುಂಬಿದ ತಿದ್ದುಪಡಿಯೇ ನಮ್ಮ ಮಂಡಲದ ಮತದಾರರ ಒಂದು ಹಕ್ಕನ್ನು ಕಳೆಯಿತು ಎಂಬುದನ್ನು ಹೇಳುವವರು ಕಡಿಮೆ.

ದೂರದ ಒಂದು ನಾಡನ್ನು ಇಲ್ಲಿ ನೆನೆಯಬೇಕು. ಅಮೆರಿಕದ ವರ್ಮಾಂಟ್ ಎಂಬ ಪುಟ್ಟ ರಾಜ್ಯದ ಜನಸಂಖ್ಯೆ ಸುಮಾರು 6.4 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಹಳೆಯ ಅನಂತಪುರ ಜಿಲ್ಲೆಯೊಂದರಲ್ಲೇ 40 ಲಕ್ಷ ದಾಟಿತ್ತು. ಅದರ ಆರನೆಯ ಒಂದು ಪಾಲಿನಷ್ಟೂ ಆ ರಾಜ್ಯವಿಲ್ಲ. ಅಲ್ಲಿಯ ಮತದಾರರು ಎರಡು ವರ್ಷಕ್ಕೊಮ್ಮೆ ಆರು ಹುದ್ದೆಗಳಿಗೆ ನೇರವಾಗಿ ಮತ ಹಾಕುತ್ತಾರೆ: ಗವರ್ನರ್, ಉಪ ಗವರ್ನರ್, ರಾಜ್ಯ ಕಾರ್ಯದರ್ಶಿ, ಖಜಾಂಚಿ, ಅಟಾರ್ನಿ ಜನರಲ್, ಲೆಕ್ಕ ತಪಾಸಕರು. ಕೊನೆಯ ಹುದ್ದೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಖರ್ಚು ಮಾಡುವವರನ್ನೂ ಆ ಖರ್ಚಿನ ಲೆಕ್ಕ ಕೇಳುವವರನ್ನೂ ಜನ ಬೇರೆ ಬೇರೆಯಾಗಿ ಆರಿಸುತ್ತಾರೆ, ಹಾಗಾಗಿ ಲೆಕ್ಕ ಕೇಳುವವರು ಗವರ್ನರ್ ಕೃಪೆಯಲ್ಲಿರಬೇಕಿಲ್ಲ. ನಮ್ಮ ಪಂಚಾಯಿತಿಯ ಆಡಿಟ್ ವರದಿಯಾದರೋ ಬೀರುವಿನಲ್ಲಿ ಕೂರುತ್ತದೆ, ಊರವರ ಕಣ್ಣಿಗೆ ಬೀಳುವುದು ಅಪರೂಪ. ವರ್ಮಾಂಟಿನಲ್ಲೂ ಶಾಸಕರಿಗೆ ಒಂದು ಪಾತ್ರವಿದೆ. ಗವರ್ನರ್ ಸ್ಥಾನಕ್ಕೆ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಶಾಸನಸಭೆ ಆರಿಸುತ್ತದೆ. 2015ರ ಜನವರಿಯಲ್ಲಿ ಪೀಟರ್ ಶಮ್ಲಿನ್ ಹಾಗೆಯೇ ಮತ್ತೆ ಗವರ್ನರ್ ಆದರು. ಆದರೆ ಶಾಸಕರ ಕೈಗೆ ಆಯ್ಕೆ ಹೋಗುವುದು ಜನರ ಮಾತು ಸ್ಪಷ್ಟವಾಗದಿದ್ದಾಗ ಮಾತ್ರ.

ನೇರ ಆಯ್ಕೆಗೆ ಆಕ್ಷೇಪಣೆಗಳಿವೆ, ಹಗುರವಾದವುಗಳೇನಲ್ಲ. ನಮ್ಮದು ಸಂಸದೀಯ ಪದ್ಧತಿ, ಸದಸ್ಯರ ವಿಶ್ವಾಸ ಇರುವ ತನಕ ನಾಯಕರು ಇರಬೇಕು, ಕೆಟ್ಟವರಾದರೆ ಅವಿಶ್ವಾಸ ಗೊತ್ತುವಳಿ ತಂದು ಇಳಿಸಬಹುದು ಎನ್ನುತ್ತಾರೆ. ಇಳಿಸುವ ಈ ಬಾಗಿಲು ಯಾರಿಗೆ ತೆರೆದಿರುತ್ತದೆ ಎಂಬುದನ್ನು ನಮ್ಮ ಸೀಮೆ ಕಂಡಿದೆ. 1994ರ ಡಿಸೆಂಬರಿನಲ್ಲಿ ರಾಮರಾವ್ ಭಾರೀ ಬಹುಮತದಿಂದ ಮತ್ತೆ ಮುಖ್ಯಮಂತ್ರಿಯಾದರು. ಗೆದ್ದ ಎರಡು ಕ್ಷೇತ್ರಗಳಲ್ಲಿ ಅವರು ಉಳಿಸಿಕೊಂಡದ್ದು ನಮ್ಮ ಹಿಂದೂಪುರವನ್ನು. ಒಂಬತ್ತು ತಿಂಗಳು ತುಂಬುವ ಮೊದಲೇ, 1995ರ ಸೆಪ್ಟೆಂಬರ್ 1ಕ್ಕೆ, ಅವರದೇ ಪಕ್ಷದ ಶಾಸಕರ ಬೆಂಬಲದಿಂದ ಚಂದ್ರಬಾಬು ನಾಯ್ಡು ಮುಖ್ಯಮಂತ್ರಿಯಾದರು. ಆ ಬದಲಾವಣೆ ಒಳ್ಳೆಯದಾಯಿತು ಎನ್ನುವವರಿದ್ದಾರೆ, ಕೆಟ್ಟದಾಯಿತು ಎನ್ನುವವರೂ ಇದ್ದಾರೆ. ಆ ಜಗಳ ಇಲ್ಲಿ ಬೇಡ. ಆ ತೀರ್ಮಾನದಲ್ಲಿ ಹಿಂದೂಪುರದ ಮತದಾರರ ಮಾತು ಎಲ್ಲಿತ್ತು ಎಂಬುದಷ್ಟೇ ಪ್ರಶ್ನೆ. ಇತ್ತೀಚೆಗೆ ಹಿಂದೂಪುರ ಪುರಸಭೆಯಲ್ಲೂ ಹೀಗೇ ಆಯಿತು. 2021ರಲ್ಲಿ ಜನ ಬಹುಮತ ಕೊಟ್ಟದ್ದು ವೈ.ಎಸ್.ಆರ್. ಕಾಂಗ್ರೆಸ್ಸಿಗೆ, 2025ರ ಫೆಬ್ರುವರಿಯಲ್ಲಿ ಕೌನ್ಸಿಲರುಗಳು ಪಾಳೆಯ ಬದಲಿಸಿ ಅಧ್ಯಕ್ಷ ಸ್ಥಾನ ತೆಲುಗು ದೇಶಂ ಪಾಲಾಯಿತು. ನಡುವೆ ಒಂದು ವಾರ್ಡಿನಲ್ಲೂ ಜನ ಸಾಲಿನಲ್ಲಿ ನಿಲ್ಲಬೇಕಾಗಲಿಲ್ಲ. ಯಾವ ಪಕ್ಷಕ್ಕೆ ಲಾಭವಾದರೂ ನನ್ನ ಮಾತು ಇದೇ.

ಹಾಗಾದರೆ ಕೆಟ್ಟ ಸರ್ಪಂಚರನ್ನು ಐದು ವರ್ಷ ಹೊತ್ತು ತಿರುಗಬೇಕೇ? ಇದು ನ್ಯಾಯವಾದ ಪ್ರಶ್ನೆ. ನಮ್ಮ ಸರ್ಪಂಚರನ್ನು ವಾರ್ಡ್ ಮೆಂಬರುಗಳು ಅವಿಶ್ವಾಸದಿಂದ ಇಳಿಸಲಾರರು. ತೆಗೆಯುವ ಅಧಿಕಾರ ಇರುವುದು ಕಲೆಕ್ಟರಿಗೆ. ಜನ ಕೂರಿಸಿದವರನ್ನು ಅಧಿಕಾರಿ ಎಬ್ಬಿಸುವುದೂ ನನಗೆ ಒಪ್ಪಿಗೆಯಿಲ್ಲ. ಛತ್ತೀಸ್‌ಗಢದಲ್ಲಿ ಪುರಸಭೆಗಳಿಗೆ ಬೇರೊಂದು ದಾರಿ ಮಾಡಿದರು: ಮುಕ್ಕಾಲು ಪಾಲು ಸದಸ್ಯರು ಕೇಳಿದರೆ, ಅಧ್ಯಕ್ಷರು ಇರಬೇಕೋ ಬೇಡವೋ ಎಂದು ಊರೇ ಮತ್ತೆ ಮತ ಹಾಕುತ್ತದೆ. 2008ರಲ್ಲಿ ಮೂರು ಸಣ್ಣ ಪಟ್ಟಣಗಳ ಮತದಾರರು ಹಾಗೆ ತಮ್ಮ ಅಧ್ಯಕ್ಷರನ್ನು ಇಳಿಸಿಯೂ ಬಿಟ್ಟರು. ಸದಸ್ಯರು ದೂರು ಹೇಳಲಿ, ತೀರ್ಪು ಮಾತ್ರ ಜನರದಿರಲಿ.

ಇನ್ನು ಸರ್ಪಂಚರು ಒಂದು ಬಣ, ವಾರ್ಡ್ ಮೆಂಬರುಗಳಲ್ಲಿ ಹೆಚ್ಚಿನವರು ಇನ್ನೊಂದು ಬಣವಾದರೆ ಕೆಲಸ ನಿಲ್ಲುತ್ತದೆ ಎಂಬ ಭಯ. ನಿಲ್ಲುವುದೂ ಉಂಟು. ವರ್ಮಾಂಟಿನಲ್ಲಿ 2017ರಿಂದ ಗವರ್ನರ್ ಆಗಿರುವ ಫಿಲ್ ಸ್ಕಾಟ್ ರಿಪಬ್ಲಿಕನ್, ಶಾಸನಸಭೆ ಡೆಮಾಕ್ರಾಟರ ಕೈಯಲ್ಲಿ. ಅವರು ಎಷ್ಟೋ ಮಸೂದೆಗಳನ್ನು ತಡೆಹಿಡಿದರು, ಸಭೆ ಕೆಲವನ್ನು ಅವರನ್ನು ಮೀರಿಯೇ ಪಾಸು ಮಾಡಿತು. ಆದರೂ ಮತದಾರರು ಎರಡು ವರ್ಷಕ್ಕೊಮ್ಮೆ ಇಬ್ಬರನ್ನೂ ಒಟ್ಟೊಟ್ಟಿಗೆ ಆರಿಸಿ ಕಳಿಸುತ್ತ ಬಂದಿದ್ದಾರೆ. ಜನ ಗೊತ್ತಿದ್ದೇ ಹಾಗೆ ಮಾಡಬಹುದು, ಒಬ್ಬರ ಕೈಗೆ ಪೂರ್ತಿ ಬೀಗದ ಕೈ ಕೊಡಲು ಅವರಿಗೆ ಇಷ್ಟವಿಲ್ಲದಿರಬಹುದು. ಒಪ್ಪಂದಕ್ಕೆ ಬಾರದ ಪಂಚಾಯಿತಿಯಲ್ಲಿ ಆ ಜಗಳ ಗ್ರಾಮಸಭೆಯ ಮುಂದೆ ಬರಬೇಕು. ಈಗ ಅದು ಮಂಡಲದ ಆಫೀಸಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ತೀರುತ್ತದೆ.

ದುಡ್ಡಿನ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನೇರ ಚುನಾವಣೆಯಲ್ಲಿ ಖರ್ಚು ಹೆಚ್ಚು, ಒಂದೊಂದು ಊರಿನಲ್ಲಿ ಏಕಗ್ರೀವದ ಹೆಸರಿನಲ್ಲಿ ಸರ್ಪಂಚ್ ಸ್ಥಾನವನ್ನೇ ಹರಾಜಿಗೆ ಇಡುವುದೂ ನಡೆದಿದೆ. ಆದರೆ ಸಾವಿರಾರು ಮತದಾರರನ್ನು ಕೊಳ್ಳುವುದಕ್ಕಿಂತ ಹತ್ತು ಸದಸ್ಯರನ್ನು ಕೊಳ್ಳುವುದು ಸುಲಭ, ಗುಟ್ಟಾಗಿಯೂ ಆಗುತ್ತದೆ.

ಸಂವಿಧಾನದಲ್ಲಿ ಬದಲಾಗಬೇಕಾದದ್ದು ಬಹಳವಿಲ್ಲ. 243ಸಿ ವಿಧಿಯ ಐದನೇ ಉಪವಿಧಿ ಹಳ್ಳಿಯ ವಿಚಾರವನ್ನು ರಾಜ್ಯಗಳಿಗೆ ಬಿಟ್ಟಿರುವಂತೆಯೇ ಮಂಡಲ, ಜಿಲ್ಲೆಗಳ ವಿಚಾರವನ್ನೂ ಬಿಟ್ಟರೆ ಸಾಕು; ಬೇಡವೆನ್ನುವ ರಾಜ್ಯ ಈಗಿನಂತೆಯೇ ಮುಂದುವರಿಯಲಿ. 1987ರಲ್ಲಿ ಮಂಡಲದ ಅಧ್ಯಕ್ಷರ ಹೆಸರಿನ ಬ್ಯಾಲೆಟ್ ಕಾಗದದ ಮೇಲೆ ಮುದ್ರೆ ಒತ್ತಿದವರಿಗೆ ಇಂದು ಅರವತ್ತರ ಆಸುಪಾಸು, ಅಥವಾ ಇನ್ನೂ ಹೆಚ್ಚು. ಅವರ ಮಕ್ಕಳೂ ಮೊಮ್ಮಕ್ಕಳೂ ಅಂಥ ಕಾಗದವನ್ನು ಒಮ್ಮೆಯೂ ಕೈಯಲ್ಲಿ ಹಿಡಿದಿಲ್ಲ.