ಹೊಸದುರ್ಗದ ಶೆಡ್ಡಲ್ಲಿದ್ದ ಇಟಲಿ ಕಾರು

ಹೋದ ಎಪಿಸೋಡ್ ಕೇಳಿದ ಮೇಲೆ ಒಬ್ಬರು ಮೆಸೇಜ್ ಹಾಕಿದ್ರು: "ಬ್ರೋ, ಯಾವಾಗ್ಲೂ ಸಾಲ, ಎಸ್‌ಐಪಿ, ಜಿಎಸ್‌ಟಿ ಅಂತೀರಲ್ಲ, ಒಂದ್ಸಲ ಫೆರಾರಿ ಬಗ್ಗೆ ಮಾತಾಡಿ." ಸರಿ, ಇವತ್ತು ಫೆರಾರಿ ಬಗ್ಗೇನೇ. ಆದ್ರೆ ದಾರಿ ಹೊಸದುರ್ಗದ ಮೇಲೆ ಹೋಗುತ್ತೆ.

ನಮ್ಮ ದೊಡ್ಡಪ್ಪನ ತೋಟದಲ್ಲಿ, ತೆಂಗಿನಕಾಯಿ ರಾಶಿ ಹಾಕೋ ಶೆಡ್ಡಲ್ಲಿ, ಒಂದು ಪ್ರೀಮಿಯರ್ ಪದ್ಮಿನಿ ನಿಂತಿತ್ತು. 1984ರ ಗಾಡಿ. ಹನ್ನೊಂದು ವರ್ಷದಿಂದ ಅದನ್ನ ಯಾರೂ ಸ್ಟಾರ್ಟ್ ಮಾಡಿರ್ಲಿಲ್ಲ. ಹಿಂದಿನ ಸೀಟಲ್ಲಿ ಇಲಿ ಸಂಸಾರ ಹೂಡಿತ್ತು. ದೊಡ್ಡಪ್ಪ ತೀರ್ಕೊಂಡ ಮೇಲೆ ಗುಜರಿಯೋರು ಬಂದು ತೂಕದ ಲೆಕ್ಕದಲ್ಲಿ ರೇಟ್ ಹೇಳಿ ಹೋದ್ರು. ದೊಡ್ಡಮ್ಮ ನಂಗೆ ಫೋನ್ ಮಾಡಿ, "ನೀನೇನಾದ್ರೂ ತಗಂಡೋಗ್ತೀಯೇನಪ್ಪ? ಇಲ್ಲಾಂದ್ರೆ ಸೋಮವಾರ ಕೊಟ್ಟು ಕಳಿಸ್ತೀನಿ" ಅಂದ್ರು.

ಪದ್ಮಿನಿ ಅಂದ್ರೆ ಬಾಂಬೆ ಟ್ಯಾಕ್ಸಿ ಅಷ್ಟೇ ಅಂತ ನಾನೂ ಅಂದ್ಕೊಂಡಿದ್ದೆ. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನೋರು ಮಾಡ್ತಿದ್ದ ಕಾರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಶುರುವಾಯ್ತು. 1974ರಲ್ಲಿ ಚಿತ್ತೋರಿನ ರಾಣಿ ಪದ್ಮಿನಿ ಹೆಸರಿಟ್ಟರು. (ಫ್ಯಾಕ್ಟರಿ ನಮ್ಮ ದುರ್ಗದಲ್ಲಿದ್ದಿದ್ರೆ ಓಬವ್ವ ಅಂತ ಇಡ್ತಿದ್ರೇನೋ.) ಆದ್ರೆ ಬಾನೆಟ್ ಎತ್ತಿದ್ರೆ ಒಳಗಿರೋ 1089 ಸಿಸಿ ಎಂಜಿನ್‌ನ ವಂಶಾವಳಿ ಬೇರೇನೇ ಇದೆ. ಸಿಲಿಂಡರ್ ಬೋರ್ 68 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ 75. ಇದೇ ಅಳತೆಯ ಎಂಜಿನ್ 1937ರಲ್ಲೇ ಇಟಲಿಯ ಫಿಯೆಟ್ 508 ಸಿ ಕಾರಲ್ಲಿತ್ತು.

ಈಗ 1940ಕ್ಕೆ ಬನ್ನಿ. ಎಂಜೊ ಫೆರಾರಿ ಆಗಷ್ಟೇ ಆಲ್ಫಾ ರೋಮಿಯೊ ಬಿಟ್ಟು ಹೊರಗೆ ಬಂದಿದ್ದರು. ನಾಲ್ಕು ವರ್ಷ ತನ್ನ ಹೆಸರಲ್ಲಿ ರೇಸ್ ಕಾರು ಮಾಡಬಾರದು ಅಂತ ಒಪ್ಪಂದ ಆಗಿತ್ತು. ಹಾಗಾಗಿ ಫೆರಾರಿ ಅನ್ನೋ ಹೆಸರೇ ಇಲ್ಲದೆ ಒಂದು ಕಾರು ಮಾಡಿದ್ರು. ಅದಕ್ಕಿಟ್ಟ ಹೆಸರು 815: ಎಂಟು ಸಿಲಿಂಡರ್, ಒಂದೂವರೆ ಲೀಟರ್. ಎಂಜಿನ್ ಹೇಗೆ ಮಾಡಿದ್ರು ಗೊತ್ತಾ? ಆ 508 ಸಿ ಫಿಯೆಟ್‌ನ ಎರಡು ಸಿಲಿಂಡರ್ ಹೆಡ್ ತಗೊಂಡು, ಒಂದು ಅಲ್ಯೂಮಿನಿಯಂ ಬ್ಲಾಕ್ ಮೇಲೆ ಸಾಲಾಗಿ ಕೂರಿಸಿದ್ರು. ಎರಡು ಕಾರು ಆ ವರ್ಷದ ಮಿಲ್ಲೆ ಮಿಲಿಯಾ ರೇಸಲ್ಲಿ ಓಡಿದವು, ಎರಡೂ ಮಧ್ಯದಲ್ಲೇ ಕೆಟ್ಟು ನಿಂತವು. ಒಂದನ್ನ ಓಡಿಸಿದ ಹುಡುಗ ಆಲ್ಬರ್ಟೊ ಅಸ್ಕಾರಿ, ಮುಂದೆ 1952 ಮತ್ತು 1953ರಲ್ಲಿ ವಿಶ್ವ ಚಾಂಪಿಯನ್ ಆದವನು.

ಯುದ್ಧ ಮುಗಿದ ಮೇಲೆ ಚಿಸಿಟಾಲಿಯಾ ಅನ್ನೋ ಸಣ್ಣ ಕಂಪನಿ ಇದೇ 1089 ಸಿಸಿ ಎಂಜಿನ್ನಿಗೆ ಇನ್ನಷ್ಟು ಪವರ್ ತುಂಬಿ 202 ಅನ್ನೋ ಸ್ಪೋರ್ಟ್ಸ್ ಕಾರು ಮಾಡ್ತು. 1947ರ ಮಿಲ್ಲೆ ಮಿಲಿಯಾದಲ್ಲಿ ಅದು ಎರಡನೇ ಸ್ಥಾನ ಬಂತು. ಅದರ ಕೂಪೆ ಇವತ್ತು ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂನಲ್ಲಿದೆ. ಅದರ ದಾಯಾದಿ ನಮ್ಮ ಶೆಡ್ಡಲ್ಲಿ ಕಾಯಿ ರಾಶಿ ಪಕ್ಕ ಇತ್ತು. ಭಾನುವಾರ ರಾತ್ರೀನೇ ದೊಡ್ಡಮ್ಮಂಗೆ ಫೋನ್ ಮಾಡ್ದೆ, ಕೊಡಬೇಡಿ ಅಂತ.

ಟಿಂಕರಿಂಗ್ ಹೊಳಲ್ಕೆರೆಯಲ್ಲಿ ಆಯ್ತು. ತಳದ ತಗಡು ಅರ್ಧಕ್ಕರ್ಧ ತುಕ್ಕು ಹಿಡಿದಿತ್ತು, ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿದ್ರು. ಎಂಜಿನ್ ಮಾತ್ರ ಚಿತ್ರದುರ್ಗಕ್ಕೆ ತಂದೆ, ಫಿಯೆಟ್ ಬಿಚ್ಚಿ ಬಿಚ್ಚಿ ಕೈ ಪಳಗಿದ ಒಬ್ಬ ಮೇಸ್ತ್ರಿ ಹತ್ರ. ಕಾರು ನೋಡಿದ ತಕ್ಷಣ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬ್ರೇಕು ಮೊದ್ಲು ಬಿಚ್ಚಾನಾ, ಎಂಜಿನ್ ಮೊದ್ಲು ಬಿಚ್ಚಾನಾ?"

ನಾನು ಎಂಜಿನ್ ಅಂದೆ. ಆ ಒಂದು ಪದಕ್ಕೇ ಇವತ್ತಿನ ಎಪಿಸೋಡ್ ಮಾಡ್ತಿರೋದು.

ನಂಗೆ ತಲೇಲಿ ಇದ್ದಿದ್ದು ಚಿಸಿಟಾಲಿಯಾ. ಪದ್ಮಿನಿಗೆ ಕಂಪನಿ ಕೊಟ್ಟಿದ್ದು ಸುಮಾರು 40 ಹಾರ್ಸ್‌ಪವರ್. ಅದನ್ನ ಏರಿಸೋಕೆ ಹೆಡ್ ಫೇಸಿಂಗ್ ಮಾಡಿಸಿ ಕಂಪ್ರೆಷನ್ ಹೆಚ್ಚಿಸಿದ್ವಿ, ದೊಡ್ಡ ಕಾರ್ಬುರೇಟರ್ ಹಾಕಿದ್ವಿ, ಬೋರ್ ಮಾಡಿಸಿ ಹೊಸ ಪಿಸ್ಟನ್ ಕೂರಿಸಿದ್ವಿ. ಬಿಲ್ಲು 62,000. ಮೇಸ್ತ್ರಿ ಒಂದು ಒಳ್ಳೆ ಮಾತು ಹೇಳಿದ್ರು, ಇದನ್ನ ಹಳೇ ಬೈಕ್ ಇಟ್ಕೊಂಡಿರೋರೂ ಕೇಳಿಸ್ಕೊಳ್ಳಿ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಒಳಗೇ ಆಮ್ಲಜನಕ ಇರೋದ್ರಿಂದ ಕಾರ್ಬುರೇಟರ್ ಮೊದಲಿನ ಲೆಕ್ಕದಲ್ಲೇ ಪೆಟ್ರೋಲ್ ಕೊಟ್ರೆ ಸಾಲಲ್ಲ. ಮಿಕ್ಸ್ಚರ್ ತೆಳುವಾಗಿ ಎಂಜಿನ್ ಕಾಯುತ್ತೆ. ಹೊಸ ಕಾರಲ್ಲಿ ಸೆನ್ಸರ್ ಇದೆ, ತಾನೇ ಸರಿ ಮಾಡ್ಕೊಳ್ಳುತ್ತೆ. ಕಾರ್ಬುರೇಟರ್‌ಗೆ ಬುದ್ಧಿ ಇಲ್ಲ, ಜೆಟ್ ಒಂದು ಸೈಜ್ ದೊಡ್ಡದು ಹಾಕಬೇಕು. ಹಳೇ ರಬ್ಬರ್ ಪೈಪುಗಳನ್ನೂ ಅದು ಮೆತ್ತಗೆ ಮಾಡುತ್ತೆ, ಎಥನಾಲ್ ತಡೆಯೋ ಪೈಪೇ ಹಾಕಬೇಕು. ಬೇಸಿಗೇಲಿ ಪೆಟ್ರೋಲ್ ಪಂಪ್ ಬಿಸಿಯಾಗಿ ಗಾಡಿ ನಿಂತ್ರೆ ಒದ್ದೆ ಬಟ್ಟೆ ಸುತ್ತೋದು ದೊಡ್ಡಪ್ಪನ ಕಾಲದ ವಿದ್ಯೆ. ಅದು ಈಗ್ಲೂ ಕೆಲಸ ಮಾಡುತ್ತೆ, ಡಿಕ್ಕೀಲಿ ಒಂದು ಹಳೇ ಟವೆಲ್ ಇಟ್ಟಿದ್ದೀನಿ.

ಎಫ್‌ಸಿ ಆಯ್ತು, ಆರ್‌ಸಿ ರಿನ್ಯೂ ಆಯ್ತು. ಅವತ್ತು ಬ್ರೇಕ್ ಚೆನ್ನಾಗೇ ಹಿಡಿದಿತ್ತು. ಎರಡು ವಾರ ಬಿಟ್ಟು ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ವಾಣಿವಿಲಾಸ ಸಾಗರ ನೋಡ್ಕೊಂಡು ಬರೋಣ ಅಂತ ಹೊರಟೆ. ಹಿರಿಯೂರಿಗೆ ಮುಂಚೆ ಹೆದ್ದಾರಿ 48ರಲ್ಲಿ ಎಂಜಿನ್ ಸದ್ದು ಎಷ್ಟು ಚೆಂದ ಇತ್ತು ಅಂದ್ರೆ ಮುಳ್ಳು 85 ದಾಟಿದ್ದೇ ಗೊತ್ತಾಗ್ಲಿಲ್ಲ. ಮುಂದಿದ್ದ ಲಾರಿ ಸಡನ್ನಾಗಿ ಸ್ಲೋ ಆಯ್ತು. ಬ್ರೇಕ್ ಒತ್ತಿದೆ. ಕಾರು ನಿಲ್ಲೋ ಬದ್ಲು ಬಲಕ್ಕೆ ಎಳೀತು, ಪಕ್ಕದ ಲೇನಲ್ಲಿ ಬಸ್ಸು ಹಾರ್ನ್ ಹೊಡೀತಾ ಇದೆ. ಅಪ್ಪ ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡ್ಕೊಂಡ್ರು. 1984ರ ಕಾರು, ಸೀಟ್ ಬೆಲ್ಟೇ ಇರ್ಲಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮಣ್ಣಿಗೆ ಇಳಿಸ್ದೆ. ಲಾರಿ ಹಿಂಬದಿಗೂ ನಮಗೂ ಮಧ್ಯೆ ಒಬ್ಬ ಮನುಷ್ಯ ಅಡ್ಡ ನಿಲ್ಲೋಷ್ಟು ಜಾಗ ಉಳಿದಿತ್ತು. ಅಪ್ಪ ಐದು ನಿಮಿಷ ಮಾತಾಡ್ಲಿಲ್ಲ. ಆಮೇಲೆ "ಬಸ್ಸಲ್ಲಿ ಹೋಗ್ತೀನಿ ಬಿಡು" ಅಂದ್ರು. ಹೋಗೇಬಿಟ್ರು.

ಆಗಿದ್ದಿಷ್ಟು. ಎಡಗಡೆ ಮುಂದಿನ ಚಕ್ರದ ವೀಲ್ ಸಿಲಿಂಡರ್‌ನಲ್ಲಿ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಹನ್ನೊಂದು ವರ್ಷ ನಿಂತ ಗಾಡಿ ಅಲ್ವಾ. ಓಡಿಸೋಕೆ ಶುರು ಮಾಡಿದ ಮೇಲೆ ಆಯಿಲ್ ಸೋರಿ ಲೈನರ್ ಒದ್ದೆ ಆಗಿದೆ. ಎಡ ಹಿಡಿಯಲ್ಲ, ಬಲ ಹಿಡಿಯುತ್ತೆ, ಕಾರು ಬಲಕ್ಕೆ ತಿರುಗುತ್ತೆ. ಇನ್ನೊಂದು ಲೆಕ್ಕ ನೋಡಿ, ಇದು ಪಿಯುಸಿ ಫಿಸಿಕ್ಸ್. ಸ್ಪೀಡ್ 60ರಿಂದ 85ಕ್ಕೆ ಹೋದ್ರೆ ಹೆಚ್ಚಾಗಿದ್ದು ಬರೀ 25 ಅನ್ಸುತ್ತೆ. ಆದ್ರೆ ಬ್ರೇಕ್ ತಿನ್ನಬೇಕಾದ ಶಕ್ತಿ ಎರಡು ಪಟ್ಟು. ಅದೆಲ್ಲ ಬಿಸಿಯಾಗಿ ಡ್ರಮ್ಮಿಗೆ ಹೋಗುತ್ತೆ. ಡ್ರಮ್ ಬಿಸಿಗೆ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತೆ. 40 ಹಾರ್ಸ್‌ಪವರ್ ಕಾರಿಗೆ ಅಂತ ಮಾಡಿದ ಡ್ರಮ್ಮಿನ ಮೇಲೆ ನಾನು ಹೆಚ್ಚುವರಿ ಪವರ್ ಹೇರಿದ್ದೆ. ಮೇಸ್ತ್ರಿ ಬೈಯ್ಲಿಲ್ಲ. "ನಾನು ಕೇಳಿದ್ನಲ್ಲಪ್ಪ" ಅಂದ್ರು, ಅಷ್ಟೇ.

ನಾಲ್ಕೂ ಚಕ್ರಕ್ಕೆ ಹೊಸ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ಹೊಸ ಪೈಪು, ಲೈನರ್. ಡ್ರಮ್ಮುಗಳನ್ನ ಲೇತಲ್ಲಿ ಕೂರಿಸಿ ಸಮ ಮಾಡಿಸಿದ್ವಿ. ಹೊಸ ಟೈರು. ಕಂಬಕ್ಕೆ ಒಳಗಿಂದ ದಪ್ಪ ಪ್ಲೇಟ್ ಕೊಟ್ಟು ಸೀಟ್ ಬೆಲ್ಟ್. ಟೈರು ಬಿಟ್ಟು ಉಳಿದಿದ್ದೆಲ್ಲ ಸೇರಿ 14,500. ಎಂಜಿನ್ ಖರ್ಚಿನ ಕಾಲು ಭಾಗಕ್ಕಿಂತ ಕಮ್ಮಿ. ಬಿಕಾಂ ಓದಿದೋನು ನಾನು, ಯಾವ ಖರ್ಚು ಮೊದಲು ಅಂತ ತೀರ್ಮಾನಿಸೋಕೆ ಬರ್ಲಿಲ್ಲ.

ಕೆಲವರು ಇನ್ನೂ ಮುಂದೆ ಹೋಗಿ ಬೇರೆ ಕಂಪನಿ ಎಂಜಿನ್ನನ್ನೇ ತಂದು ಕೂರಿಸ್ತಾರೆ. ರೀಲ್ಸಲ್ಲಿ ಚೆನ್ನಾಗಿ ಕಾಣುತ್ತೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನೋರು ಮೊದಲು ನೋಡೋದು ಆರ್‌ಸಿ ಮತ್ತು ಎಂಜಿನ್ ನಂಬರ್. ವಿಂಟೇಜ್ ಅಂತ ಮಾಡಿಸ್ಕೊಳ್ಳೋಣ ಅಂದ್ರೆ 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಆಗಿರಬೇಕು. ನಮ್ಮದಕ್ಕೆ 2034. ಅಲ್ಲದೆ ವಿಂಟೇಜ್ ನಂಬರ್ ಬಂದ್ರೆ ದಿನಾ ಓಡಿಸೋ ಹಾಗಿಲ್ಲ.

ಸ್ಪೀಡ್ ಆಸೆಗೆ ಜಾಗ ಇಲ್ಲ ಅಂತಲ್ಲ. ಮದ್ರಾಸ್ ಹತ್ತಿರ ಶೋಲಾವರಂನ ಹಳೇ ಯುದ್ಧಕಾಲದ ಏರ್‌ಸ್ಟ್ರಿಪ್ ಮೇಲೆ ಇದೇ ಫಿಯೆಟ್ 1100ಗಳು ರೇಸ್ ಓಡಿವೆ. ಈಗ ಇರುಂಗಾಟ್ಟುಕೋಟೈಯಲ್ಲಿ 1990ರಿಂದ ಸರಿಯಾದ ಟ್ರ್ಯಾಕ್ ಇದೆ, ಒಂದು ಸುತ್ತು 3.7 ಕಿಲೋಮೀಟರ್. ಅಲ್ಲಿ ಎದುರಿಂದ ಲಾರಿ ಬರಲ್ಲ, ಹೆಲ್ಮೆಟ್ ಹಾಕ್ಲೇಬೇಕು. ಒಂದಿನ ಹೋಗ್ತೀನಿ. ಡ್ರಮ್ ಬ್ರೇಕಲ್ಲಿ ಎರಡು ಸುತ್ತು ಹೊಡೆದು ತಣ್ಣಗಾಗೋಕೆ ನಿಲ್ಲಿಸ್ಬೇಕಾಗುತ್ತೆ, ಪರವಾಗಿಲ್ಲ.

ಅಪ್ಪ ಇನ್ನೂ ಹತ್ತಿಲ್ಲ. ದೊಡ್ಡಮ್ಮ ಹತ್ತಿದ್ರು. ಹೋದ ಭಾನುವಾರ ಹೊಸದುರ್ಗ ಪೇಟೇಲಿ ನಾಯಿ ಅಡ್ಡ ಬಂತು ಅಂತ ಬ್ರೇಕ್ ಹಾಕಿದೆ, ಕಾರು ನೆಟ್ಟಗೆ ನಿಂತು ಬೆಲ್ಟ್ ಬಿಗಿಯಾಯ್ತು. ದೊಡ್ಡಮ್ಮ ಸೆರಗು ಸರಿ ಮಾಡ್ಕೊಂಡು, "ನಿಮ್ಮ ದೊಡ್ಡಪ್ಪ ಇಷ್ಟು ಜೋರಾಗಿ ನಿಲ್ಲಿಸ್ತಿರ್ಲಿಲ್ಲಪ್ಪ" ಅಂದ್ರು.

ನಿಮ್ಮೂರ ಶೆಡ್ಡಲ್ಲೂ ಯಾವುದಾದ್ರೂ ಹಳೇ ಗಾಡಿ ನಿಂತಿದ್ರೆ ಫೋಟೋ ಕಳಿಸಿ. ಸ್ಟಾರ್ಟ್ ಮಾಡೋ ಮುಂಚೆ ಚಕ್ರ ಬಿಚ್ಚಿ ಡ್ರಮ್ ಒಳಗಿನ ಫೋಟೋನೂ ಕಳಿಸಿ. ಮುಂದಿನ ವಾರ ಸಿಗೋಣ.